ಕ್ಯಾನ್ವಾಸ್‌ಗೆ ಆತ್ಮ ಬರಬೇಕೆ? ಎಕ್ಸ್‌ಪ್ರೆಷನಿಸ್ಟರ ಆರು ಸೂತ್ರಗಳು

1. ಇವತ್ತೇ ಶುರು ಮಾಡಿ.
ಕಾನೂನು ಪಾಠ ಹೇಳುವ ಕೆಲಸ ಬೇಡವೆಂದು, ಮುಂದೆ ಎಕ್ಸ್‌ಪ್ರೆಷನಿಸ್ಟ್ ಚಿತ್ರಕಾರನಾದ ಕ್ಯಾಂಡಿನ್‌ಸ್ಕಿ 1896ರಲ್ಲಿ ಚಿತ್ರಕಲೆ ಕಲಿಯಲು ಮ್ಯೂನಿಕ್‌ಗೆ ಹೊರಟಾಗ ವಯಸ್ಸು ಮೂವತ್ತು. ‘ತಡವಾಯ್ತು’ ಅನ್ನೋದು ಒಂದು ಚಟ. ಬಿಟ್ಟುಬಿಡಿ.

2. ನಿಮ್ಮದೇ ಕಲರ್ ಕೋಡ್ ಬರೆದಿಡಿ.
1910ರ ಡಿಸೆಂಬರ್‌ನಲ್ಲಿ ಇನ್ನೊಬ್ಬ ಎಕ್ಸ್‌ಪ್ರೆಷನಿಸ್ಟ್ ಫ್ರಾಂಜ್ ಮಾರ್ಕ್ ತನ್ನ ಗೆಳೆಯ, ಕಲಾವಿದ ಆಗಸ್ಟ್ ಮಾಕೆಗೆ ಪತ್ರ ಬರೆದ. ನೀಲಿ ಅಂದರೆ ಪುರುಷತತ್ತ್ವ, ಕಠೋರ, ಆಧ್ಯಾತ್ಮಿಕ. ಹಳದಿ ಅಂದರೆ ಸ್ತ್ರೀತತ್ತ್ವ, ಮೃದು, ಉಲ್ಲಾಸ. ಕೆಂಪು ಅಂದರೆ ಜಡ, ಭಾರ. ಉಳಿದೆರಡೂ ಅದರ ಜೊತೆ ಸೆಣಸಿ ಗೆಲ್ಲಬೇಕು. ಮರುವರ್ಷವೇ ‘ನೀಲಿ ಕುದುರೆ’ ಬಂತು. ನೋಡಿ: ತಲೆ ತಗ್ಗಿಸಿ ನಿಂತ ಎಳೆಯ ಕುದುರೆ, ಹಿಂದೆ ಕೆಂಪು, ಹಳದಿ, ನೇರಳೆ ಗುಡ್ಡಗಳು. ಸವಾರನಿಲ್ಲ, ಜೀನಿಲ್ಲ, ಲಗಾಮಿಲ್ಲ. ಮನುಷ್ಯನಿಗಿಂತ ಪ್ರಾಣಿಯೇ ಶುದ್ಧ ಎಂದು ನಂಬಿದವನ ಚಿತ್ರ ಅದು. ಗಂಡು–ಹೆಣ್ಣಿನ ಆ ಹಂಚಿಕೆ ನಿಮಗೆ ಒಪ್ಪಿಗೆಯಾಗಬೇಕಿಲ್ಲ (ನನಗೂ ಇಲ್ಲ). ಆದರೆ ಕೋಡ್ ಇರಲೇಬೇಕು. ಇಲ್ಲದಿದ್ದರೆ ನಿಮ್ಮ ನೀಲಿ ಬರೀ ಟ್ಯೂಬಿನ ನೀಲಿ.

3. ಓಂ, ಕಮಲ, ದೀಪ ಬರೆದು ‘ಸ್ಪಿರಿಚುಯಲ್’ ಅನ್ನಬೇಡಿ.
ರೆಡಿಮೇಡ್ ಸಂಕೇತವನ್ನು ಕಣ್ಣು ಗುರುತಿಸುತ್ತದೆ, ಮುಂದಕ್ಕೆ ಹೋಗುತ್ತದೆ.

4. ಮೊದಲು ಅನಾಟಮಿ ಕಲಿಯಿರಿ.
ಮಾರ್ಕ್ ಪ್ರಾಣಿಗಳ ಅಂಗರಚನೆಯನ್ನು ಬೇರೆಯವರಿಗೆ ಪಾಠ ಹೇಳುವಷ್ಟು ಅಭ್ಯಾಸ ಮಾಡಿದ್ದ. ಮೂಳೆ ಎಲ್ಲಿದೆ ಅಂತ ಗೊತ್ತಿದ್ದರೆ ಕುದುರೆಗೆ ಯಾವ ಬಣ್ಣ ಬಳಿದರೂ ಅದು ಕುದುರೆಯೇ.

5. ತಯಾರಿಗೆ ಟೈಮ್ ಕೊಡಿ, ಬ್ರಷ್ ಹಿಡಿದ ಮೇಲೆ ನಿಲ್ಲಬೇಡಿ.
ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಹಸಿ ಬಣ್ಣದ ಮೇಲೆ ಅಳುಕುತ್ತಾ ತಿದ್ದುತ್ತಾ ಹೋದರೆ ಕೆಂಪು, ಹಸಿರು ಎಲ್ಲ ಕಲಸಿ ರಾಡಿಯಾಗುತ್ತದೆ. ಕ್ಯಾಂಡಿನ್‌ಸ್ಕಿ ‘ಕಾಂಪೊಸಿಷನ್ 7’ಕ್ಕೆ ಮೂವತ್ತಕ್ಕೂ ಹೆಚ್ಚು ಸ್ಕೆಚ್, ಸ್ಟಡಿ ಮಾಡಿದ. ಆಮೇಲೆ 1913ರ ನವೆಂಬರ್‌ನಲ್ಲಿ 2 ಮೀಟರ್ ಎತ್ತರ, 3 ಮೀಟರ್ ಅಗಲದ ಆ ಕ್ಯಾನ್ವಾಸನ್ನು ನಾಲ್ಕೇ ದಿನದಲ್ಲಿ ಮುಗಿಸಿದ. ಜೊತೆಗಿದ್ದ ಕಲಾವಿದೆ ಗೇಬ್ರಿಯೆಲ್ ಮ್ಯುಂಟರ್ ಹಂತಹಂತವಾಗಿ ಫೋಟೊ ತೆಗೆದಿಟ್ಟಳು. ನೀವೂ ಮೊಬೈಲಿನಲ್ಲಿ ತೆಗೆದಿಡಿ. ಎಲ್ಲಿ ನಿಲ್ಲಿಸಬೇಕಿತ್ತು ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

6. ರಿಜೆಕ್ಟ್ ಆದ ದಿನವೇ ಬೇರೆ ಗೋಡೆ ಹುಡುಕಿ.
1911ರ ಡಿಸೆಂಬರ್ ಆರಂಭದಲ್ಲಿ ಮ್ಯೂನಿಕ್‌ನ ಕಲಾವಿದರ ಸಂಘ ಕ್ಯಾಂಡಿನ್‌ಸ್ಕಿಯ ‘ಕಾಂಪೊಸಿಷನ್ 5’ ಅನ್ನು ತಿರಸ್ಕರಿಸಿತು. ಹೇಳಿದ ಕಾರಣ, ಗಾತ್ರ ನಿಯಮ ಮೀರಿದೆ. ಸಂಘ ಕಟ್ಟಿದವರಲ್ಲಿ ಕ್ಯಾಂಡಿನ್‌ಸ್ಕಿಯೇ ಒಬ್ಬ! ಅಲ್ಲಿ ವಾದಿಸುತ್ತಾ ಕೂರದೆ ಮಾರ್ಕ್, ಮ್ಯುಂಟರ್ ಜೊತೆ ಹೊರಬಂದ. ಡಿಸೆಂಬರ್ 18ಕ್ಕೆ ಥಾನ್‌ಹೌಸರ್ ಗ್ಯಾಲರಿಯಲ್ಲಿ, ಅದೇ ಸಂಘದ ಷೋ ಪಕ್ಕದಲ್ಲೇ ಅವರ ಹೊಸ ‘ನೀಲಿ ಸವಾರ’ ಬಳಗದ ಮೊದಲ ಪ್ರದರ್ಶನ ಶುರುವಾಯಿತು. ತಿರಸ್ಕೃತ ಚಿತ್ರವೂ ಅಲ್ಲೇ ತೂಗುತ್ತಿತ್ತು.