ಇಲಿಗಳು ಮನೆಯೊಳಕ್ಕೆ ಬರುವ ದಾರಿಯನ್ನು ಕಂಡುಹಿಡಿದು ಮುಚ್ಚುವ ಕ್ರಮ

ಇಲಿಯ ಬಾಧೆಯಿಲ್ಲದ ಒಕ್ಕಲುಮನೆ ಅಪರೂಪ. ಬೋನನ್ನಿಟ್ಟು ಎಂಟು ಹತ್ತು ಇಲಿಗಳನ್ನು ಹಿಡಿದ ಮನೆಯವರು ಇನ್ನು ಕಾಟ ತೀರಿತೆಂದು ನೆಮ್ಮದಿಯಿಂದಿರುತ್ತಾರೆ; ಎರಡು ತಿಂಗಳು ಕಳೆಯುವಷ್ಟರಲ್ಲಿ ಕಣಜದ ಬುಡದಲ್ಲಿ ಮತ್ತೆ ರಾಗಿ ಚೆಲ್ಲಿರುತ್ತದೆ. ಇದು ಬೋನಿನ ದೋಷವಲ್ಲ. ಚಿಟ್ಟಿಲಿಯು ಸುಮಾರು ಮೂರು ವಾರ ಗರ್ಭವನ್ನು ಹೊತ್ತು ಒಂದು ಸೂಲಿಗೆ ಐದಾರು ಮರಿಗಳನ್ನು ಹಾಕುತ್ತದೆ. ಆ ಮರಿಗಳು ಆರೇಳು ವಾರಗಳಲ್ಲಿ ತಾವೇ ಗರ್ಭಧರಿಸಲು ಶಕ್ತವಾಗುತ್ತವೆ. ಒಳಬರುವ ದಾರಿಯೂ ತಿನ್ನುವ ಧಾನ್ಯವೂ ಇರುವವರೆಗೆ ಸತ್ತವುಗಳ ಜಾಗಕ್ಕೆ ಬೇರೆಯವು ಬಂದೇ ಬರುತ್ತವೆ. ಆದುದರಿಂದ ದಾರಿಯನ್ನು ಹುಡುಕುವುದೇ ಮೊದಲನೆಯ ಕೆಲಸ.

ಬಂದಿರುವುದು ಯಾವ ಜಾತಿಯದೆಂಬುದನ್ನು ಹಿಕ್ಕೆಯಿಂದಲೇ ತಿಳಿಯಬಹುದು. ಅಕ್ಕಿಕಾಳಿಗಿಂತ ಚಿಕ್ಕದಾಗಿ ತುದಿ ಚೂಪಾಗಿದ್ದರೆ ಅದು ಚಿಟ್ಟಿಲಿಯದು. ಅದರ ಗೂಡು ಸಾಮಾನ್ಯವಾಗಿ ಮೂವತ್ತು ಅಡಿಗಳ ಒಳಗೇ ಇರುತ್ತದೆ. ಅರ್ಧ ಅಂಗುಲದಷ್ಟು ಉದ್ದವಾಗಿ ಸ್ವಲ್ಪ ಬಾಗಿದ್ದರೆ ಮನೆಯಿಲಿಯದು; ಇದು ಹತ್ತುವುದರಲ್ಲಿ ಬಹಳ ಚುರುಕಾದುದರಿಂದ ಅಟ್ಟ, ತೊಲೆ, ಹೆಂಚುಗಳ ಸಂದುಗಳನ್ನು ನೋಡತಕ್ಕದ್ದು. ಗೋಡೆಯ ಬುಡದಲ್ಲಿ ಹೊಸಮಣ್ಣಿನ ಗುಪ್ಪೆ ಕಂಡರೆ ಹೆಗ್ಗಣವು ಹೊರಗಿನಿಂದ ಬಿಲ ತೋಡುತ್ತಿದೆಯೆಂದು ಭಾವಿಸಬೇಕು. ಕಟುವಾಸನೆಯ, ಉದ್ದಮೂತಿಯ ಮೂಗಿಲಿಯು ಹೆಚ್ಚಾಗಿ ಹುಳುಹುಪ್ಪಟೆಗಳನ್ನು ತಿಂದು ಬದುಕುವುದು. ಧಾನ್ಯದ ನಷ್ಟವನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ದಾರಿಯನ್ನು ಹುಡುಕಲು ಹಣವೇನೂ ಬೇಕಾಗಿಲ್ಲ. ನಡುಮಧ್ಯಾಹ್ನದಲ್ಲಿ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ, ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಸುತ್ತಲೂ ನೋಡಿದರೆ ಗೋಡೆಯ ತಲೆಗೂ ಜಂತೆಗೂ ನಡುವೆ, ಬಾಗಿಲ ಕೆಳಗೆ, ಬಚ್ಚಲ ತೂಬಿನಲ್ಲಿ ಬೆಳಕು ಒಳಬೀಳುವುದು ಕಾಣುತ್ತದೆ. ಕಾಲಂಗುಲದ ಸಂದು ಚಿಟ್ಟಿಲಿಗೆ ಸಾಕು. ಮನೆಯಿಲಿಗೆ ಅರ್ಧ ಅಂಗುಲ ಸಾಕು. ಅನೇಕ ಯಜಮಾನರು ಇದನ್ನು ನಂಬದೆ ದೊಡ್ಡ ಬಿಲಗಳನ್ನು ಮಾತ್ರ ಮುಚ್ಚಿಸಿ ಮೋಸಹೋಗುತ್ತಾರೆ. ಇಲಿಗಳು ಗೋಡೆಗೆ ಮೈಯುಜ್ಜಿಕೊಂಡೇ ಓಡಾಡುವುದರಿಂದ ಅವು ನಿತ್ಯ ಹೋಗಿಬರುವ ಕಡೆ ಜಿಡ್ಡಿನ ಕಪ್ಪುಗೆರೆ ಬಿದ್ದಿರುತ್ತದೆ. ಆ ಗೆರೆಯನ್ನು ಹಿಡಿದು ಹೋದರೆ ಕಂಡಿ ಸಿಕ್ಕುತ್ತದೆ. ಸಿಕ್ಕಿದ ಕಂಡಿಗಳಿಗೆಲ್ಲ ಸಂಜೆ ಹಸಿಮಣ್ಣನ್ನು ಹಗುರವಾಗಿ ಮೆತ್ತಿ, ಅವುಗಳ ಮುಂದೆ ಜರಡಿಯಾಡಿದ ಒಲೆಯ ಬೂದಿಯನ್ನು ತೆಳ್ಳಗೆ ಹರಡಬೇಕು. ಬೆಳಗಾದಾಗ ಮಣ್ಣು ಕಿತ್ತಿರುವ ಕಂಡಿಗಳೇ ಬಳಕೆಯವು. ಬೂದಿಯ ಮೇಲಿನ ಹೆಜ್ಜೆಗಳು ಯಾವ ಕಡೆಯಿಂದ ಬಂದುವೆಂಬುದನ್ನು ತಿಳಿಸುತ್ತವೆ. ಮೂರು ರಾತ್ರಿ ಹೀಗೆ ಮಾಡತಕ್ಕದ್ದು. ಕಣಜದ ಹಿಂದಿನ ಗೋಡೆ, ಬೀಸುವ ಕಲ್ಲಿನ ಅಡಿ, ಸೌದೆಯ ರಾಶಿ, ಇವುಗಳನ್ನು ಜರುಗಿಸಿ ನೋಡದೆ ಹುಡುಕಿದ್ದಾಯಿತೆನ್ನುವುದು ವ್ಯರ್ಥ.

ಕಂಡಿ ಸಿಕ್ಕಿತೆಂದು ಆ ಕ್ಷಣವೇ ಮುಚ್ಚಬಾರದು. ಒಳಗೆ ಸಿಕ್ಕಿಕೊಂಡವು ಬೇರೆ ಕಡೆ ಕೊರೆಯುತ್ತವೆ, ಇಲ್ಲವೇ ಗೋಡೆಯೊಳಗೆ ಸತ್ತು ನಾರುತ್ತವೆ. ಮೊದಲು ಒಂದು ವಾರ ಬೋನುಗಳನ್ನು ಗೋಡೆಗೆ ತಾಗಿಸಿ ಇಡಬೇಕು. ಮನೆಯಿಲಿಯು ಹೊಸ ವಸ್ತುವನ್ನು ಕಂಡು ಬೆದರುವುದರಿಂದ ಮೂರು ನಾಲ್ಕು ದಿನ ಬೋನಿನ ಬಾಗಿಲನ್ನು ತೆರೆದೇ ಇಟ್ಟು, ಸುಟ್ಟ ಕೊಬ್ಬರಿಯನ್ನೋ ಹುರಿದ ಕಡಲೆಕಾಯನ್ನೋ ಸುಮ್ಮನೆ ತಿನ್ನಲು ಬಿಟ್ಟು, ಆಮೇಲೆ ಹೂಡಿದರೆ ಒಳ್ಳೆಯದು. ಚಿಟ್ಟಿಲಿಗೆ ಈ ಸಂಶಯವಿಲ್ಲ; ಮೊದಲ ರಾತ್ರಿಯೇ ಬೀಳಬಹುದು. ಧಾನ್ಯವಿರುವ ಕೋಣೆಯಲ್ಲಿ ವಿಷವನ್ನಿಡುವುದು ಮಕ್ಕಳಿಗೂ ದನಗಳಿಗೂ ಅಪಾಯಕರ.

ಬೋನು ಎರಡು ಮೂರು ದಿನ ಬರಿದಾಗಿದ್ದು, ಬೂದಿಯಲ್ಲಿ ಹೆಜ್ಜೆ ಮೂಡದಿದ್ದರೆ ಆಗ ಕಂಡಿಗಳನ್ನು ಮುಚ್ಚತಕ್ಕದ್ದು. ಇಲಿಯ ಮುಂಬಲ್ಲುಗಳು ಜೀವಮಾನವಿಡೀ ಬೆಳೆಯುತ್ತಿರುವುದರಿಂದ ಅದು ಮರವನ್ನೂ ಮಣ್ಣನ್ನೂ ಕಡಿಯುತ್ತಲೇ ಇರುವುದು. ಬರಿಯ ಮಣ್ಣು ಮೆತ್ತುವುದು ನಿಷ್ಪ್ರಯೋಜಕ. ಒಡೆದ ಗಾಜು, ಕಲ್ಲುಚಕ್ಕೆಗಳನ್ನು ಒಳಕ್ಕೆ ಗಿಡಿದು ಮೇಲೆ ಗಾರೆಯನ್ನಾಗಲಿ ಸಿಮೆಂಟನ್ನಾಗಲಿ ಹಾಕಬೇಕು. ತೂಬಿಗೆ ಕಾಲಂಗುಲಕ್ಕಿಂತ ಕಿರಿದಾದ ಕಣ್ಣಿನ ತಂತಿಬಲೆ, ಬಾಗಿಲ ಕೆಳಭಾಗಕ್ಕೆ ತಗಡಿನ ಪಟ್ಟಿ, ಸೂರಿನ ಸಂದಿಗೆ ಇಟ್ಟಿಗೆಚೂರು ಗಾರೆ. ಸೂರಿಗೆ ತಾಗುವ ಮರದ ಕೊಂಬೆಯನ್ನು ಕಡಿಸಬೇಕು. ಗೋಡೆಗೊತ್ತಿ ಹುಲ್ಲಿನ ಬಣವೆ ಹಾಕುವ ವಾಡಿಕೆಯನ್ನಂತೂ ಬಿಡಲೇಬೇಕು. ಅದು ಇಲಿಗಳಿಗೆ ಕಟ್ಟಿಕೊಟ್ಟ ಮನೆ.

ಗ್ರಾಮದ ಮುಖ್ಯಸ್ಥರು ಗಮನಿಸಬೇಕಾದ ಸಂಗತಿಯೊಂದುಂಟು. ಒಂದೇ ಸಾಲಿನ ಮನೆಗಳಿಗೆ ಗೋಡೆ ಸಾಮಾನ್ಯವಾಗಿರುವೆಡೆ ಒಬ್ಬನು ಮುಚ್ಚಿದರೆ ಇಲಿಗಳು ಪಕ್ಕದ ಮನೆಗೆ ಹೋಗಿ, ಅವನ ಗಾರೆ ಸಡಿಲವಾದೊಡನೆ ಹಿಂದಿರುಗುತ್ತವೆ. ಇಡೀ ಸಾಲು ಒಂದೇ ವಾರದಲ್ಲಿ ಕೆಲಸವನ್ನು ಮುಗಿಸುವಂತೆ ಹೇಳಿ ಮಾಡಿಸಬೇಕು. ಇದು ಕೇವಲ ರಾಗಿಯ ಮಾತಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರು ಸೀಮೆಯಲ್ಲಿ ಹರಡಿದಾಗ, ಮನೆಯಲ್ಲಿ ಇಲಿ ಬಿದ್ದಿತೆಂದರೆ ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿಯ ಮೈ ತಣ್ಣಗಾದೊಡನೆ ಅದರ ಚಿಗಟಗಳು ಮನುಷ್ಯರನ್ನು ಹತ್ತುತ್ತವೆ; ಇಲಿಯ ಮೂತ್ರದಿಂದ ಇಲಿಜ್ವರವೂ ಹರಡುವುದುಂಟು. ಆದುದರಿಂದ ಸತ್ತ ಇಲಿಯನ್ನು ಕೈಯಿಂದ ಮುಟ್ಟದೆ ಇಕ್ಕಳದಿಂದೆತ್ತಿ ಆಳವಾಗಿ ಹೂಳಬೇಕು. ಹಿಕ್ಕೆಯನ್ನು ನೀರಿನಿಂದ ನೆನೆಸಿಯೇ ಗುಡಿಸಬೇಕು. ಬೋನು ವಿಷಗಳಿಲ್ಲದೆ ಇಲಿಗಳು ಒಂದರ ಹಿಂದೊಂದು ಸತ್ತುಬಿದ್ದರೆ ತಡಮಾಡದೆ ಆರೋಗ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು.

ಕೊಯ್ಲಾದ ಮೇಲೆ ಹೊಲದಲ್ಲಿ ಆಹಾರ ಕಡಮೆಯಾಗಿ ಇಲಿಗಳು ಊರ ಕಡೆ ತಿರುಗುವುವು. ಒಕ್ಕಣೆ ಮುಗಿದು ಧಾನ್ಯವನ್ನು ಕಣಜಕ್ಕೆ ತುಂಬುವ ಮುನ್ನ ಇನ್ನೊಮ್ಮೆ ಬಾಗಿಲು ಮುಚ್ಚಿ ಬೆಳಕನ್ನು ನೋಡಿ, ಮೂರು ರಾತ್ರಿ ಬೂದಿಯನ್ನು ಹರಡಿ ಪರೀಕ್ಷಿಸತಕ್ಕದ್ದು.