ಕೆಮ್ಮು ನಿಂತರೂ ಮದ್ದು ನಿಲ್ಲಿಸಬೇಡ

ಮಗಳೇ, ಬೆಕ್ಕು ನೆಲಕ್ಕೆ ಮೈಯೊತ್ತಿ, ಕುತ್ತಿಗೆ ಚಾಚಿ ಕೆಮ್ಮಿದರೆ ನಮ್ಮ ಕಡೆ ಮಂದಿ ‘ಕೂದ್ಲಾ ನುಂಗೇತಿ, ಕಾರಿಕೊಂತೈತಿ ಬಿಡು’ ಅಂದುಬಿಡುತ್ತಾರೆ. ನೀನು ಹಾಗೆ ಬಿಡಬೇಡ. ಏನೂ ಹೊರಬಾರದೆ ಮತ್ತೆ ಮತ್ತೆ ಹೀಗೆ ಕೆಮ್ಮುವ ಬೆಕ್ಕಿಗೆ ಆಸ್ತಮಾ ಇರಬಹುದು. ನಮ್ಮೂರು ಉಜ್ಜಿನಿಯಲ್ಲಿ ಮೆಕ್ಕೆಜೋಳ, ಶೇಂಗಾ ಒಕ್ಕುವಾಗ ಏಳುವ ದೂಳು, ಒಲೆಯ ಹೊಗೆ, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ ಎಲ್ಲವೂ ಅದರ ಉಸಿರ್ನಾಳವನ್ನು ಕೆರಳಿಸುತ್ತವೆ.

ಹಾಗಂತ ಅಜ್ಜನ ದಮ್ಮಿನ ಪಂಪನ್ನು ತಂದು ಬೆಕ್ಕಿನ ಮೂಗಿಗೆ ಹಿಡಿಯಬೇಡ. ಹುಳದ ಬಾಧೆ, ಸೋಂಕು, ಹೃದಯದ ಕಾಯಿಲೆಗಳೂ ಹೀಗೆಯೇ ಕಾಣುತ್ತವೆ. ನಾಯಿಗಂತೂ ಆಸ್ತಮಾ ಬರುವುದೇ ಅಪರೂಪ. ಅದರ ಕೆಮ್ಮಿಗೆ ಬೇರೆ ಕಾರಣಗಳೇ ಹೆಚ್ಚು. ಮೊದಲು ದನದ ಆಸ್ಪತ್ರೆಯ ಡಾಕ್ಟರಿಗೆ ತೋರಿಸು. ಎಕ್ಸ್-ರೇ ಬೇಕೆಂದರೆ ದೂರವಾದರೂ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಿ.

ಆಸ್ತಮಾ ಎಂದು ಗೊತ್ತಾದರೆ ಕೊಡುವ ಪಂಪಿನ ಮದ್ದಿನಲ್ಲಿ ಎರಡು ಬಗೆ. ಫ್ಲುಟಿಕಾಸೋನ್ ಒಳಗಿನ ಉರಿಯೂತ ತಗ್ಗಿಸುವ ಸ್ಟೀರಾಯ್ಡ್. ಅದು ಪೂರ್ತಿ ಕೆಲಸ ಮಾಡಲು 10ರಿಂದ 14 ದಿನ ಬೇಕು. ಅದನ್ನು ದಿನಾ ತಪ್ಪದೆ ಕೊಡಬೇಕು. ಸಾಲ್ಬುಟಮಾಲ್ ಬಿಗಿದ ಉಸಿರ್ನಾಳವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಅದು ಉಬ್ಬಸ ಎದ್ದಾಗ ಮಾತ್ರ. ಬೇಗ ಆರಾಮ ಸಿಗುತ್ತದೆಂದು ಸಾಲ್ಬುಟಮಾಲನ್ನೇ ದಿನಾ ಕೊಟ್ಟರೆ ಬೆಕ್ಕಿನ ಉರಿಯೂತ ಹೆಚ್ಚಬಹುದು. ಫ್ಲುಟಿಕಾಸೋನ್ ಡಬ್ಬಿಯ ಮೇಲೆ ‘ದಿನಾ’, ಸಾಲ್ಬುಟಮಾಲ್ ಡಬ್ಬಿಯ ಮೇಲೆ ‘ಉಬ್ಬಸಕ್ಕೆ’ ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸು. ಡಾಕ್ಟರು ಸ್ಟೀರಾಯ್ಡ್ ಗುಳಿಗೆಯನ್ನೂ ಕೊಟ್ಟಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬೇಡ. ಅವರು ಹೇಳಿದಂತೆ ಹಂತಹಂತವಾಗಿ ಇಳಿಸು.

ಕ್ಯಾಪ್ಸೂಲ್ ಒಡೆದು ಪುಡಿ ಎಳೆದುಕೊಳ್ಳುವ ರೋಟಾಹೇಲರ್ ಬೆಕ್ಕಿಗೆ ನಡೆಯದು. ಜೋರಾಗಿ ಉಸಿರೆಳೆಯಲು ಅದಕ್ಕೆ ಹೇಳಿಕೊಡಲು ಬರುವುದಿಲ್ಲ. ಪಂಪು, ಸ್ಪೇಸರ್ ಎಂಬ ಟೊಳ್ಳು ಕೊಳವೆ, ಮುಖಕ್ಕೆ ಹೊಂದುವ ಮಾಸ್ಕ್ ಇವು ಮೂರೂ ಬೇಕು. ಮೊದಲ ಕೆಲವು ದಿನ ಮದ್ದಿಲ್ಲದೆ ಬರೀ ಮಾಸ್ಕ್ ಮುಟ್ಟಿಸಿ, ಇಷ್ಟದ ತಿನಿಸು ಕೊಡು. ರೂಢಿಯಾದ ಮೇಲೆ ಪಂಪನ್ನು ಚೆನ್ನಾಗಿ ಅಲುಗಾಡಿಸು. ಮಾಸ್ಕ್ ಮೂಗು-ಬಾಯಿ ಎರಡನ್ನೂ ಸಂದಿಲ್ಲದೆ ಮುಚ್ಚಲಿ. ಒಂದು ಸಲ ಒತ್ತಿ, 7ರಿಂದ 10 ಉಸಿರು ಎಣಿಸು. ಎಷ್ಟು ಪಫ್ ಎಂಬುದು ಡಾಕ್ಟರ ಮಾತು. ಆಮೇಲೆ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸು. ಸ್ಪೇಸರನ್ನು ಸೋಪು ನೀರಲ್ಲಿ ತೊಳೆದು ತಾನಾಗಿ ಆರಲು ಬಿಡು. ಬಟ್ಟೆಯಿಂದ ಉಜ್ಜಿದರೆ ಮದ್ದು ಅದರ ಗೋಡೆಗೇ ಅಂಟಿಕೊಳ್ಳುತ್ತದೆ.

ಮನೆಯಲ್ಲಿ ನಾಯಿಯಿದ್ದರೆ ಪಂಪು ಕಪಾಟಿನಲ್ಲಿರಲಿ. ಸಾಲ್ಬುಟಮಾಲ್ ಡಬ್ಬಿಯಲ್ಲಿ 200 ಪಫ್ ಇರುತ್ತವೆ. ನಾಯಿ ಕಚ್ಚಿ ತೂತು ಮಾಡಿದರೆ ಅಷ್ಟೂ ಒಮ್ಮೆಲೇ ಒಳಗೆ ಹೋಗಬಹುದು. ಎದೆಬಡಿತ ಏರಿ, ಮೈ ನಡುಗಿ, ರಕ್ತದ ಪೊಟ್ಯಾಸಿಯಂ ಕುಸಿಯುತ್ತದೆ. ಚುರುಕಾಗಿಯೇ ಕಂಡರೂ ಕೂಡಲೇ ಡಾಕ್ಟರ ಬಳಿಗೆ ಓಡು.

ನಿದ್ದೆಯಲ್ಲಿರುವ ಬೆಕ್ಕಿನ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ, ಕ್ಯಾಲೆಂಡರಿನಲ್ಲಿ ಬರೆದಿಡು. ಸಾಮಾನ್ಯವಾಗಿ ಅದು 30ರೊಳಗಿರುತ್ತದೆ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಕಾಯಬೇಡ. ಬಾಯಿ ತೆರೆದು ಉಸಿರಾಡಿದರೆ, ಒಸಡು ನೀಲಿಗಟ್ಟಿದರೆ ಅದು ಪ್ರಾಣದ ಮೇಲಿನ ಗಂಡಾಂತರ. ಹೇಳಿಕೊಟ್ಟಷ್ಟು ಸಾಲ್ಬುಟಮಾಲ್ ಕೊಟ್ಟು, ಹೆಚ್ಚು ಹಿಡಿದಾಡದೆ ಆಸ್ಪತ್ರೆಗೆ ಹೊರಡು.

ನಮ್ಮೂರ ಮರುಳಸಿದ್ಧೇಶ್ವರನ ಜಾತ್ರೆಯಲ್ಲಿ, ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ಹೊತ್ತಿಗೆ ಮನೆ ತುಂಬ ನೆಂಟರು, ಬೀದಿ ತುಂಬ ದೂಳು. ಬೆಕ್ಕನ್ನು ಒಳಕೋಣೆಯಲ್ಲಿಡು, ಗದ್ದಲದಲ್ಲಿ ಮದ್ದಿನ ಹೊತ್ತು ತಪ್ಪದಿರಲಿ. ಕೆಮ್ಮು ನಿಂತಿರುವುದು ಆ ಮದ್ದಿನಿಂದಲೇ. ಮೂಕಪ್ರಾಣಿ ಕೇಳಲಾರದು, ನೆನಪಿಸಲಾರದು. ಚೆನ್ನಾಗಿರುವ ದಿನವೂ ನೆನಪಿಟ್ಟು ಕೊಡುವುದು ಸಾಕಿದವರ ಹೊಣೆ.