ವಾಹನ ಮಳಿಗೆಯ ಜಾಲತಾಣವೂ ಕೃತಕ ಬುದ್ಧಿಮತ್ತೆಯೂ: ಮಾರಾಟಗಾರರು ತಿಳಿಯಬೇಕಾದ ಕೆಲವು ಸಂಗತಿಗಳು

ಹೊಳೆಹೊನ್ನೂರು ಭದ್ರಾವತಿ ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ಕಡೆಗೆ ಶಿವಮೊಗ್ಗ ನಗರ, ಇನ್ನೊಂದು ಕಡೆಗೆ ಭದ್ರಾವತಿ. ಸುತ್ತಲೂ ಗದ್ದೆ ಮತ್ತು ಅಡಿಕೆ ತೋಟಗಳು. ಇಲ್ಲಿನ ಕೃಷಿಕರೊಬ್ಬರು ಕಾರನ್ನೋ ಟ್ರ್ಯಾಕ್ಟರನ್ನೋ ಕೊಳ್ಳಬೇಕೆಂದರೆ ಹಿಂದೆ ನೆಂಟರಿಷ್ಟರನ್ನು ವಿಚಾರಿಸಿ, ಬಸ್ಸು ಹತ್ತಿ ನಗರದ ಮಳಿಗೆಗೆ ಹೋಗುತ್ತಿದ್ದರು. ಅನಂತರ ಗೂಗಲ್‌ನಲ್ಲಿ ಹುಡುಕಿ, ಬಂದ ಕೊಂಡಿಗಳಲ್ಲಿ ಎರಡು ಮೂರನ್ನು ತೆರೆದು ನೋಡುವ ರೂಢಿ ಬಂದಿತು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಳಕೆಗೆ ಬಂದ ಮೇಲೆ ಈ ರೂಢಿಯೂ ಬದಲಾಗುತ್ತಿದೆ. "ಹೊಳೆಹೊನ್ನೂರಿಗೆ ಹತ್ತಿರದಲ್ಲಿ ಈ ಕಾರಿನ ಸರ್ವಿಸ್ ಎಲ್ಲಿದೆ? ಶಿವಮೊಗ್ಗದಲ್ಲಿ ಬೆಲೆ ಎಷ್ಟು?" ಎಂದು ಮೊಬೈಲ್‌ನಲ್ಲಿ ಕೇಳಿದರೆ, ಕೊಂಡಿಗಳ ಪಟ್ಟಿಗೆ ಬದಲಾಗಿ ಸಿದ್ಧ ಉತ್ತರವೇ ದೊರೆಯುತ್ತದೆ.

ಆ ಉತ್ತರದಲ್ಲಿ ಹೆಸರಿಲ್ಲದ ಮಳಿಗೆಯು ಗ್ರಾಹಕನ ಪಾಲಿಗೆ ಇಲ್ಲದಂತೆಯೇ ಸರಿ. ಹೆಸರಿದ್ದು ಬೆಲೆಯೋ ವಿಳಾಸವೋ ತಪ್ಪಾಗಿದ್ದರೆ ಪರಿಣಾಮ ಇನ್ನೂ ಕೆಟ್ಟದ್ದು. ಗ್ರಾಹಕನು ದೂರುವುದು ಯಂತ್ರವನ್ನಲ್ಲ, ಮಳಿಗೆಯನ್ನು. ಆದುದರಿಂದ ಜಾಲತಾಣವನ್ನು ಮನುಷ್ಯರಷ್ಟೇ ಅಲ್ಲದೆ ಯಂತ್ರಗಳೂ ಸರಿಯಾಗಿ ಓದುವಂತೆ ಇಡುವುದು ವ್ಯಾಪಾರದ ಅಗತ್ಯವಾಗಿದೆ. ಹಲವು ಕಂಪನಿಗಳ ವಾಹನಗಳನ್ನು ಹಲವು ಊರುಗಳಲ್ಲಿ ಮಾರುವ ಮಳಿಗೆ ಸಮೂಹಗಳಿಗೆ ಈ ಅಗತ್ಯ ಹೆಚ್ಚು.

ಓದುವ ಯಂತ್ರಗಳ ಮೂರು ಬಗೆ

ಜಾಲತಾಣಗಳನ್ನು ತಾವಾಗಿಯೇ ತೆರೆದು ಓದಿಕೊಂಡು ಹೋಗುವ ತಂತ್ರಾಂಶಕ್ಕೆ ಕ್ರಾಲರ್ ಎಂದು ಹೆಸರು. ಕೃತಕ ಬುದ್ಧಿಮತ್ತೆಗೆ ಸಂಬಂಧಿಸಿದ ಕ್ರಾಲರ್‌ಗಳನ್ನು ಅವುಗಳ ಉದ್ದೇಶಕ್ಕೆ ತಕ್ಕಂತೆ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯವು ಭಾಷಾ ಮಾದರಿಗಳ ತರಬೇತಿಗಾಗಿ ಪಠ್ಯವನ್ನು ಸಂಗ್ರಹಿಸುತ್ತವೆ. ಓಪನ್‌ಎಐ ಸಂಸ್ಥೆಯ ಜಿಪಿಟಿಬಾಟ್, ಆಂಥ್ರೊಪಿಕ್ ಸಂಸ್ಥೆಯ ಕ್ಲಾಡ್‌ಬಾಟ್ ಈ ಗುಂಪಿಗೆ ಸೇರಿದವು. ಎರಡನೆಯವು ಹುಡುಕಾಟಕ್ಕಾಗಿ ಪುಟಗಳ ಸೂಚಿಯನ್ನು ಸಿದ್ಧಪಡಿಸುತ್ತವೆ. ಓಎಐ-ಸರ್ಚ್‌ಬಾಟ್, ಪರ್ಪ್ಲೆಕ್ಸಿಟಿಬಾಟ್ ಹಾಗೂ ಹಳೆಯ ಪರಿಚಯದ ಗೂಗಲ್‌ಬಾಟ್, ಬಿಂಗ್‌ಬಾಟ್ ಇದಕ್ಕೆ ಉದಾಹರಣೆಗಳು. ಮೂರನೆಯವು ಬಳಕೆದಾರನು ಪ್ರಶ್ನೆ ಕೇಳಿದ ಕ್ಷಣದಲ್ಲಿ ಅವನ ಪರವಾಗಿ ತಾಣಕ್ಕೆ ಬಂದು ಪುಟವನ್ನು ತೆರೆಯುತ್ತವೆ; ಚಾಟ್‌ಜಿಪಿಟಿ-ಯೂಸರ್, ಕ್ಲಾಡ್-ಯೂಸರ್ ಮುಂತಾದವು ಹೀಗೆ ಬರುವಂಥವು.

ಪತ್ರಿಕೆಗಳೂ ಪ್ರಕಾಶಕರೂ ತಮ್ಮ ಬರೆಹವೇ ಮಾರಾಟದ ಸರಕಾದ ಕಾರಣ ಮೊದಲ ಗುಂಪಿನ ಯಂತ್ರಗಳನ್ನು ತಡೆಯುವುದುಂಟು. ವಾಹನ ವ್ಯಾಪಾರಿಯ ಸರಕು ಬರೆಹವಲ್ಲ, ವಾಹನ. ಅವನ ವಿಳಾಸ, ಬೆಲೆ, ಸೇವೆಗಳ ವಿವರ ಎಷ್ಟು ದೂರ ಹರಡಿದರೂ ಅದು ಅವನಿಗೆ ಲಾಭವೇ. ಮೊದಲ ಗುಂಪನ್ನು ತಡೆಯಬೇಕೆನಿಸಿದರೂ ಎರಡನೆಯ ಮತ್ತು ಮೂರನೆಯ ಗುಂಪಿನವನ್ನು ತಡೆಯುವುದು ಗ್ರಾಹಕನನ್ನೇ ಬಾಗಿಲಲ್ಲಿ ನಿಲ್ಲಿಸಿದಂತೆ.

ಬಾಗಿಲು ತೆರೆದಿದೆಯೇ?

ಯಾವ ಕ್ರಾಲರ್ ಯಾವ ಪುಟವನ್ನು ಓದಬಹುದೆಂದು ತಿಳಿಸುವ ಸಣ್ಣ ಕಡತಕ್ಕೆ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಹೆಸರು. ಮಾರ್ಟಿನ್ ಕೋಸ್ಟರ್ ಅವರು 1994ರಲ್ಲಿ ಸೂಚಿಸಿದ ಈ ಪದ್ಧತಿಯು 2022ರಲ್ಲಿ ಅಂತರ್ಜಾಲದ ಮಾನಕ ದಾಖಲೆಗಳ ಸಾಲಿಗೆ ಸೇರಿತು. ತಾಣದ ವಿಳಾಸದ ಮುಂದೆ ಓರೆಗೆರೆ ಹಾಕಿ ಈ ಕಡತದ ಹೆಸರನ್ನು ಬರೆದರೆ ಯಾರು ಬೇಕಾದರೂ ಅದನ್ನು ನೋಡಬಹುದು. ಅದರಲ್ಲಿ ನಕ್ಷತ್ರ ಚಿಹ್ನೆಯಡಿ 'ಡಿಸ್‌ಅಲೋ' ಎಂಬ ಪದದ ಮುಂದೆ ಒಂದೇ ಒಂದು ಓರೆಗೆರೆ ಇದ್ದರೆ, ಬೇರೆ ಅನುಮತಿ ಪಡೆದವನ್ನು ಬಿಟ್ಟು ಉಳಿದೆಲ್ಲ ಕ್ರಾಲರ್‌ಗಳಿಗೂ ಇಡೀ ತಾಣ ಮುಚ್ಚಿದೆ ಎಂದರ್ಥ. ತಾಣವನ್ನು ಕಟ್ಟುವ ಕಾಲದಲ್ಲಿ ಹೀಗೆ ಮುಚ್ಚಿಟ್ಟು, ಉದ್ಘಾಟನೆಯ ಅನಂತರ ತೆರೆಯಲು ಮರೆಯುವುದು ಅಪರೂಪವಲ್ಲ.

ಎರಡನೆಯ ಬಾಗಿಲು ತಾಣಕ್ಕೆ ಒದಗಿಸಿರುವ ರಕ್ಷಣಾ ವ್ಯವಸ್ಥೆಯದು. ಬಹುಸಂಖ್ಯೆಯ ತಾಣಗಳಿಗೆ ಇಂಥ ಸೇವೆ ನೀಡುವ ಕ್ಲೌಡ್‌ಫ್ಲೇರ್ ಸಂಸ್ಥೆಯು, ಹೊಸದಾಗಿ ಸೇರುವ ತಾಣಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ರಾಲರ್‌ಗಳನ್ನು ತಡೆಯುವುದೇ ಮೂಲ ಕ್ರಮವೆಂದು 2025ರ ಜುಲೈ 1ರಂದು ಪ್ರಕಟಿಸಿತು. ಹೀಗಾಗಿ ಮಾಲೀಕರು ಬಯಸದೆಯೇ ತಾಣ ಮುಚ್ಚಿರುವ ಸಾಧ್ಯತೆ ಇದೆ. ತಾಣ ನಿರ್ವಾಹಕರಿಂದ ಒಂದು ತಿಂಗಳ ಸರ್ವರ್ ದಾಖಲೆಯನ್ನು ಪಡೆದು, ಮೇಲೆ ಹೇಳಿದ ಹೆಸರುಗಳು ಬಂದಿವೆಯೇ, ಬಂದವಕ್ಕೆ ಪುಟ ದೊರೆತಿದೆಯೇ ಎಂದು ಪರಿಶೀಲಿಸುವುದು ಉತ್ತಮ. ದಾಖಲೆಯಲ್ಲಿ 200 ಎಂಬ ಸಂಖ್ಯೆ ಇದ್ದರೆ ಪುಟ ದೊರೆತಿದೆ. 403 ಇದ್ದರೆ ಪ್ರವೇಶ ನಿರಾಕರಿಸಲಾಗಿದೆ.

ಒಂದು ಎಚ್ಚರಿಕೆ: ರೋಬಾಟ್ಸ್ ಕಡತವು ಬೀಗವಲ್ಲ, ಕೇವಲ ಸೂಚನಾ ಫಲಕ. ಅದನ್ನು ಪಾಲಿಸದ ಯಂತ್ರಗಳೂ ಇವೆ. ಗ್ರಾಹಕರ ದೂರವಾಣಿ ಸಂಖ್ಯೆ, ಸಾಲದ ಕಾಗದಪತ್ರ, ಆಧಾರ್ ಪ್ರತಿಗಳಿರುವ ಕಡತಕೋಶದ ಹೆಸರನ್ನು ಅದರಲ್ಲಿ ಬರೆದರೆ ಅದು ಎಲ್ಲಿದೆಯೆಂದು ಲೋಕಕ್ಕೆಲ್ಲ ಸಾರಿದಂತಾಗುತ್ತದೆ. ಅಂಥ ಮಾಹಿತಿಯನ್ನು ಪಾಸ್‌ವರ್ಡ್‌ನ ಹಿಂದೆಯೇ ಇಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ಇದು ಮುಖ್ಯ.

ಒಳಗೆ ಬಂದವರಿಗೆ ಏನು ಕಾಣುತ್ತದೆ?

ಬಾಗಿಲು ತೆರೆದಿದ್ದರೂ ಒಳಗೆ ಕೋಣೆ ಬರಿದಾಗಿರಬಹುದು. ಹಲವು ವಾಹನ ತಾಣಗಳಲ್ಲಿ ಮಾದರಿ, ಬಣ್ಣ, ಬೆಲೆಗಳ ಪಟ್ಟಿಯು ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಎಂಬ ತಂತ್ರದ ಮೂಲಕ ತುಂಬಿಕೊಳ್ಳುತ್ತದೆ. ಗೂಗಲ್‌ಬಾಟ್ ಅದನ್ನು ನಡೆಸಿ ನೋಡಬಲ್ಲದು. ಕೃತಕ ಬುದ್ಧಿಮತ್ತೆಯ ಬಹುಪಾಲು ಕ್ರಾಲರ್‌ಗಳು ಮೊದಲು ದೊರೆತ ಪಠ್ಯವನ್ನಷ್ಟೇ ಓದುತ್ತವೆ. ಅವುಗಳ ಕಣ್ಣಿಗೆ ಆ ಪುಟದಲ್ಲಿ ಮಳಿಗೆಯ ಹೆಸರಿನ ಹೊರತು ಬೇರೇನೂ ಕಾಣದಿರಬಹುದು.

ಪರೀಕ್ಷಿಸುವ ವಿಧಾನ ಸುಲಭ. ಗಣಕಯಂತ್ರದಲ್ಲಿ ಪುಟವನ್ನು ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪುಟದ ಮೂಲರೂಪ ಕಾಣಿಸುತ್ತದೆ. ಅಲ್ಲಿ ವಾಹನದ ಹೆಸರನ್ನೂ ಬೆಲೆಯನ್ನೂ ಹುಡುಕಬೇಕು. ಸಿಗದಿದ್ದರೆ, ಪಠ್ಯವನ್ನು ಸರ್ವರ್‌ನಲ್ಲಿಯೇ ಸಿದ್ಧಪಡಿಸಿ ಕಳುಹಿಸುವಂತೆ ತಾಣ ನಿರ್ವಾಹಕರಿಗೆ ಸೂಚಿಸಬೇಕು.

ಕನ್ನಡ ಪುಟಗಳಿಗೆ ಇನ್ನೊಂದು ತೊಡಕಿದೆ. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕಿದರೆ ಕ್ರಾಲರ್‌ಗೆ ಅದರಲ್ಲಿನ ಅಕ್ಷರಗಳು ದಕ್ಕುವ ಭರವಸೆಯಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರ ಸಂಕೇತಗಳಲ್ಲಿ ಸಿದ್ಧವಾದ ಕರಪತ್ರವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಪುಟದ ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪ್ ಸಂದೇಶದಲ್ಲಿ ಅಂಟಿಸಿದಾಗ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್‌ನಲ್ಲಿದೆ. ನಕಲು ಮಾಡಲು ಬಾರದಿದ್ದರೆ ಅಥವಾ ಅಕ್ಷರಗಳು ಕೆಟ್ಟರೆ ಮತ್ತೆ ಬೆರಳಚ್ಚು ಮಾಡಿಸುವುದೇ ದಾರಿ.

ಊರು, ಶಾಖೆ, ವಿಳಾಸ

ಹೊಳೆಹೊನ್ನೂರು ಎಂಬ ಹೆಸರು ಕನ್ನಡದಲ್ಲಿ ಒಂದೇ ಆದರೂ ಇಂಗ್ಲಿಷ್‌ನಲ್ಲಿ ಅದನ್ನು ಒಂದು ಪದವಾಗಿ, ಎರಡು ಪದವಾಗಿ, ಕೊನೆಯ ಉಕಾರ ಬಿಟ್ಟು, ಸೇರಿಸಿ ಹೀಗೆ ಹಲವು ರೀತಿ ಬರೆಯುವುದುಂಟು. ಶಿವಮೊಗ್ಗದ ಇಂಗ್ಲಿಷ್ ಕಾಗುಣಿತವು 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾದರೂ ಹಳೆಯ 'ಶಿಮೊಗ' ರೂಪ ಇನ್ನೂ ಬಳಕೆಯಲ್ಲಿದೆ. ತಾಣದ ಒಂದು ಪುಟದಲ್ಲಿ ಒಂದು ರೂಪ, ಗೂಗಲ್ ನಕ್ಷೆಯಲ್ಲಿ ಮತ್ತೊಂದು, ವಾಹನ ಕಂಪನಿಯ ಪಟ್ಟಿಯಲ್ಲಿ ಮಗದೊಂದು ಇದ್ದರೆ ಒಂದೇ ಮಳಿಗೆಯನ್ನು ಯಂತ್ರವು ಎರಡು ಮೂರಾಗಿ ಭಾವಿಸಬಹುದು. ಆದ್ದರಿಂದ ಅಧಿಕೃತ ರೂಪವೊಂದನ್ನು ಆರಿಸಿ ಎಲ್ಲೆಡೆ ಅದನ್ನೇ ಬಳಸಬೇಕು. ಶಾಖೆಯ ಪುಟದ ಒಂದು ವಾಕ್ಯದಲ್ಲಿ ಕನ್ನಡದ ಹೆಸರನ್ನೂ ಹಳೆಯ ರೂಪವನ್ನೂ ಉಲ್ಲೇಖಿಸಿದರೆ ಸಾಕು.

ಸಮೂಹದ ಪ್ರತಿ ಶಾಖೆಗೂ ಪ್ರತ್ಯೇಕ ಪುಟವಿರಬೇಕು. ಉದಾಹರಣೆಗೆ, ಶಿವಮೊಗ್ಗದಲ್ಲಿ ಮುಖ್ಯ ಮಳಿಗೆ, ಭದ್ರಾವತಿಯಲ್ಲಿ ವರ್ಕ್‌ಶಾಪ್, ಹೊಳೆಹೊನ್ನೂರಿನಲ್ಲಿ ಬುಕಿಂಗ್ ಕಚೇರಿ ಇರುವ ಸಮೂಹವೊಂದು ಮೂರು ಊರುಗಳ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದಿದೆ ಎಂದಿಟ್ಟುಕೊಳ್ಳಬಹುದು. ಅದನ್ನು ಓದಿದ ಯಂತ್ರವು ಹೊಳೆಹೊನ್ನೂರಿನಲ್ಲಿಯೂ ರಿಪೇರಿ ನಡೆಯುತ್ತದೆಂದು ಹೇಳಿದರೆ, ಕೆಟ್ಟ ಗಾಡಿಯನ್ನು ಎಳೆಸಿಕೊಂಡು ಬಂದ ಗ್ರಾಹಕನು ಬುಕಿಂಗ್ ಕಚೇರಿಯ ಮುಂದೆ ನಿಲ್ಲಬೇಕಾಗುತ್ತದೆ. ಪ್ರತಿ ಪುಟದಲ್ಲಿ ಪೂರ್ಣ ವಿಳಾಸ, ದೂರವಾಣಿ, ಕೆಲಸದ ವೇಳೆ, ವಾರದ ರಜೆ, ಅಲ್ಲಿ ದೊರೆಯುವ ಮತ್ತು ದೊರೆಯದ ಸೇವೆಗಳನ್ನು ಸ್ಪಷ್ಟ ವಾಕ್ಯಗಳಲ್ಲಿ ನಮೂದಿಸಬೇಕು.

ಇದೇ ವಿವರವನ್ನು ಯಂತ್ರಕ್ಕೆ ನಿಸ್ಸಂದಿಗ್ಧವಾಗಿ ತಿಳಿಸಲು ಸ್ಕೀಮಾ ಡಾಟ್ ಆರ್ಗ್ ಎಂಬ ಪದಕೋಶವಿದೆ. ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸಂಸ್ಥೆಗಳು 2011ರಲ್ಲಿ ಇದನ್ನು ಆರಂಭಿಸಿದವು. ವಾಹನ ಮಾರಾಟ ಮಳಿಗೆ, ವಾಹನ ದುರಸ್ತಿ ಕೇಂದ್ರ, ಕಾರು ಇವುಗಳಿಗೆ ಅದರಲ್ಲಿ ಪ್ರತ್ಯೇಕ ವರ್ಗಗಳಿವೆ. ಆದರೆ ಪುಟದಲ್ಲಿ ಕಾಣುವುದಕ್ಕೂ ಈ ಗುರುತಿನಲ್ಲಿ ಇರುವುದಕ್ಕೂ ವ್ಯತ್ಯಾಸವಿರಬಾರದು.

ಬೆಲೆಯ ದಿನಾಂಕ

ಹಳೆಯ ಬೆಲೆಯು ತಾಣದಲ್ಲಿ ಉಳಿದರೆ ಆಗುವ ತೊಂದರೆಯನ್ನು 2025ರ ಜಿಎಸ್‌ಟಿ ಬದಲಾವಣೆಯ ಮೂಲಕ ಅರಿಯಬಹುದು. ಆ ವರ್ಷದ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆಯು ಸೆಸ್ ಸೇರಿ ಶೇ. 29ರಿಂದ ಶೇ. 18ಕ್ಕೆ ಇಳಿಯಿತು, ಕೃಷಿ ಟ್ರ್ಯಾಕ್ಟರ್‌ಗಳ ಮೇಲಿನದು ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆಗೆ ಮುನ್ನ 5,00,000 ರೂ. ಬೆಲೆಯ ಕಾರು ಮೊದಲು 6,45,000 ರೂ. ಆಗುತ್ತಿದ್ದುದು 5,90,000 ರೂ. ಆಯಿತು. 6,00,000 ರೂ. ಮೂಲಬೆಲೆಯ ಟ್ರ್ಯಾಕ್ಟರ್ 6,72,000 ರೂ.ಗಳಿಂದ 6,30,000 ರೂ.ಗಳಿಗೆ ಬಂದಿತು. ಹಳೆಯ ಪುಟವನ್ನು ತಿದ್ದದ ಮಳಿಗೆಯ ಕಾರು ಯಂತ್ರದ ಉತ್ತರದಲ್ಲಿ 55,000 ರೂ. ದುಬಾರಿಯಾಗಿ ಕಾಣುತ್ತದೆ, ತಿದ್ದಿದ ಪ್ರತಿಸ್ಪರ್ಧಿಯತ್ತ ಗ್ರಾಹಕನು ಹೊರಳುತ್ತಾನೆ.

ಆದಕಾರಣ ಪ್ರತಿ ಬೆಲೆಯ ಪಕ್ಕದಲ್ಲಿ ಅದು ಯಾವ ದಿನಾಂಕದ್ದು, ಎಕ್ಸ್-ಶೋರೂಂ ಬೆಲೆಯೇ ಅಥವಾ ರಸ್ತೆ ತೆರಿಗೆ, ವಿಮೆ, ನೋಂದಣಿ ಸೇರಿದ ಆನ್-ರೋಡ್ ಬೆಲೆಯೇ ಎಂಬುದನ್ನು ಬರೆಯಬೇಕು. ಮುಗಿದುಹೋದ ದಸರಾ, ದೀಪಾವಳಿ ಕೊಡುಗೆಗಳ ಪುಟಗಳನ್ನು ಕೊಂಡಿ ತೆಗೆದು ಅಡಗಿಸಿದರೆ ಸಾಲದು, ತಾಣದಿಂದಲೇ ತೆಗೆಯಬೇಕು. ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್‌ನಲ್ಲಿ ಕೊನೆಯ ತಿದ್ದುಪಡಿಯ ನಿಜವಾದ ದಿನಾಂಕವಿರಬೇಕು.

ಮಂತ್ರದಂಡವೆಂಬುದಿಲ್ಲ

"ಕೃತಕ ಬುದ್ಧಿಮತ್ತೆಯ ಉತ್ತರದಲ್ಲಿ ಮೊದಲ ಸ್ಥಾನ ಖಾತರಿ" ಎಂದು ಹಣ ಕೇಳುವವರ ಮಾತನ್ನು ನಂಬಬಾರದು. ಅಂಥ ಖಾತರಿ ನೀಡುವ ಅಧಿಕಾರ ಹೊರಗಿನ ಯಾರಿಗೂ ಇಲ್ಲ. 2024ರಲ್ಲಿ ಜೆರೆಮಿ ಹೊವರ್ಡ್ ಸೂಚಿಸಿದ ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತವೂ ಒಂದು ಪ್ರಸ್ತಾವವಷ್ಟೇ. ತನ್ನ ಹುಡುಕಾಟಕ್ಕೆ ಇಂಥ ವಿಶೇಷ ಕಡತದ ಅಗತ್ಯವಿಲ್ಲವೆಂದು ಗೂಗಲ್ ತಿಳಿಸಿದೆ.

ಇದಕ್ಕಿಂತ ಉಪಯುಕ್ತವಾದುದು ಒಂದು ವಹಿ. ಗ್ರಾಹಕರು ಸಾಮಾನ್ಯವಾಗಿ ಕೇಳುವ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಇಂಗ್ಲಿಷ್‌ನಲ್ಲಿಯೂ ಬರೆದಿಟ್ಟು, ಪ್ರತಿ ತಿಂಗಳ ಮೊದಲ ವಾರ ಎರಡು ಮೂರು ಸೇವೆಗಳಲ್ಲಿ ಕೇಳಿ, ಉತ್ತರ ಸರಿಯೇ ತಪ್ಪೇ ಎಂದು ದಾಖಲಿಸಬೇಕು. ತಪ್ಪಿದ್ದರೆ ಅದರ ಮೂಲ ತಮ್ಮ ತಾಣವೇ, ಹಳೆಯ ಪಟ್ಟಿಯೇ ಎಂದು ಹುಡುಕಿ ತಿದ್ದಿಸಬೇಕು. ಈ ಕೆಲಸಕ್ಕೆ ಸಿಬ್ಬಂದಿಯೊಬ್ಬರನ್ನು ಹೊಣೆಯಾಗಿಸುವುದು ಲೇಸು.

ಇಲ್ಲಿ ಹೇಳಿದ ಪರೀಕ್ಷೆಗಳು ವಾಹನ ವ್ಯಾಪಾರಕ್ಕಷ್ಟೇ ಸೀಮಿತವಲ್ಲ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಎರಕದ ಘಟಕಕ್ಕೂ, ಅಡಿಕೆ ವರ್ತಕರಿಗೂ, ಬಿಡಿಭಾಗಗಳ ಅಂಗಡಿಗೂ ಇವು ಅನ್ವಯಿಸುತ್ತವೆ. ಅಂಗಡಿಯ ಫಲಕದ ಮೇಲಿನ ಧೂಳನ್ನು ಒರೆಸುವಷ್ಟೇ ನಿಯಮಿತವಾಗಿ ಜಾಲತಾಣದ ಬೆಲೆ, ವಿಳಾಸಗಳನ್ನು ತಿದ್ದುವ ವ್ಯಾಪಾರಿಯನ್ನು ಹೊಳೆಹೊನ್ನೂರಿನ ಗ್ರಾಹಕನು ಯಾವ ಮಾರ್ಗದಲ್ಲಿ ಹುಡುಕಿದರೂ ಕಂಡುಕೊಳ್ಳುವ ಸಾಧ್ಯತೆ ಹೆಚ್ಚು.